ಟ್ಯೂನರ್ ಕಡಿಮೆ ಅನ್ನುತ್ತದೆ, ಮೇಷ್ಟ್ರು ಸರಿ ಅನ್ನುತ್ತಾರೆ: ಗಾಂಧಾರದ ಜಾಗ ಯಾವುದು?

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 38. ಎರಡು ವರ್ಷದಿಂದ ಭಾನುವಾರದ ಕ್ಲಾಸಿಗೆ ಹೋಗಿ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಶ್ರುತಿ ಐದು. ಮನೆಯಲ್ಲಿ ಅಭ್ಯಾಸಕ್ಕೆ ಅಂತ ಮೊಬೈಲ್‌ಗೆ ಕ್ರೋಮ್ಯಾಟಿಕ್ ಟ್ಯೂನರ್ (ಸ್ವರ ಸರಿಯಿದೆಯಾ, ಮೇಲಿದೆಯಾ, ಕೆಳಗಿದೆಯಾ ಅಂತ ಮುಳ್ಳಿನಲ್ಲಿ ತೋರಿಸುವ ಆ್ಯಪ್) ಹಾಕಿಕೊಂಡೆ. ಸ, ಪ ಹಾಡಿದರೆ ಹಸಿರು ಬರುತ್ತದೆ. ಮೋಹನ ರಾಗದ ಗಾಂಧಾರ (ಗ) ನೀಟಾಗಿ ಹಿಡಿದು ನಿಲ್ಲಿಸಿದರೂ ಮುಳ್ಳು ಯಾವಾಗಲೂ 12–15 ಸೆಂಟ್ ಕೆಳಗೇ ನಿಲ್ಲುತ್ತದೆ. ಹಸಿರು ಬರುವ ಹಾಗೆ ಏರಿಸಿ ಹಾಡಿದರೆ ಮೇಷ್ಟ್ರು "ಗಾಂಧಾರ ಜಾಸ್ತಿ ಆಯ್ತಮ್ಮ, ಇಳಿಸು" ಅಂತಾರೆ. ಯಾರು ಸರಿ? ಟ್ಯೂನರ್ ಇಟ್ಟುಕೊಂಡು ಕಿವಿ ತಿದ್ದಿಕೊಳ್ಳಬಹುದಾ? ಈ ವಯಸ್ಸಿನಲ್ಲಿ ಅದು ಆಗುವ ಮಾತಾ?

ಉತ್ತರ: ನಿಮ್ಮ ಮೇಷ್ಟ್ರು ಹೇಳಿದ್ದು ಸರಿ. ನಿಮ್ಮ ಗಂಟಲೂ ಸರಿಯಾಗಿದೆ. ಟ್ಯೂನರ್ ಕೂಡ ಕೆಟ್ಟಿಲ್ಲ. ಅದು ಹುಡುಕುತ್ತಿರುವ ಗಾಂಧಾರವೇ ಬೇರೆ, ನೀವು ಹಾಡುತ್ತಿರುವ ಗಾಂಧಾರವೇ ಬೇರೆ. ಇದನ್ನು ಮೊದಲು ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದೆ ಚೆನ್ನಾಗಿದ್ದ ಗಾಂಧಾರವನ್ನು ಮೇಲೆ ತಳ್ಳಿಕೊಂಡು ಬಂದವರನ್ನು ನಾನು ಮೈಸೂರಿನ ನನ್ನ ಪಾಠದಲ್ಲೇ ಕಂಡಿದ್ದೇನೆ. ಅದನ್ನು ಮತ್ತೆ ಇಳಿಸಲು ತಿಂಗಳುಗಳೇ ಬೇಕಾದವು.

ಟ್ಯೂನರ್‌ನ ಲೆಕ್ಕ ಕೀಬೋರ್ಡಿನ ಲೆಕ್ಕ. ಅದರಲ್ಲಿ ಮಧ್ಯ ಷಡ್ಜದಿಂದ (ಸ) ತಾರ ಷಡ್ಜದವರೆಗಿನ (ಮೇಲಿನ ಸ) ದೂರವನ್ನು 12 ಸಮ ಪಾಲು ಮಾಡಿದ್ದಾರೆ. ಒಂದು ಪಾಲಿಗೆ 100 ಸೆಂಟ್, ಒಟ್ಟು 1200. ಯಾವ ಮನೆಯನ್ನು ಷಡ್ಜ ಮಾಡಿಕೊಂಡರೂ ಅದೇ ಕೀಬೋರ್ಡಿನಲ್ಲಿ ನುಡಿಸಲು ಬರಬೇಕು ಅಂತ ಮಾಡಿಕೊಂಡ ಏರ್ಪಾಡು ಇದು. ಹಾಗೆ ಮಾಡುವಾಗ ಒಂದೊಂದು ಸ್ವರವನ್ನೂ ಸ್ವಲ್ಪ ಸ್ವಲ್ಪ ಜರುಗಿಸಬೇಕಾಯಿತು. ಆ ಲೆಕ್ಕದಲ್ಲಿ ಅಂತರ ಗಾಂಧಾರ, ಅಂದರೆ ಮೋಹನದಲ್ಲಿ ಬರುವ ಗಾಂಧಾರ, ಷಡ್ಜದಿಂದ 400 ಸೆಂಟ್ ಮೇಲಿದೆ.

ನಾವು ಹಾಡುವ ಗಾಂಧಾರ ತಂಬೂರಿಯ ಜೊತೆ ಬೆರೆಯುವ ಗಾಂಧಾರ. ಷಡ್ಜ ನಾಲ್ಕು ಸಲ ಕಂಪಿಸುವಷ್ಟರಲ್ಲಿ ಅದು ಸರಿಯಾಗಿ ಐದು ಸಲ ಕಂಪಿಸುತ್ತದೆ. ಸೆಂಟ್ ಲೆಕ್ಕಕ್ಕೆ ತಂದರೆ ಇದು 386. ಅಂದರೆ ಟ್ಯೂನರ್ ಕೇಳುವ ಜಾಗಕ್ಕಿಂತ 14 ಸೆಂಟ್ ಕೆಳಗೆ. ನಿಮ್ಮ ಪತ್ರದಲ್ಲಿ ಏನಿದೆ ನೋಡಿ: 12ರಿಂದ 15 ಕೆಳಗೆ. ಯಾರೂ ಲೆಕ್ಕ ಹೇಳಿಕೊಡದೆ, ಮೇಷ್ಟ್ರ ದನಿ ಮತ್ತು ತಂಬೂರಿ ಕೇಳಿಯೇ ನಿಮ್ಮ ಕಿವಿ ಆ ಜಾಗವನ್ನು ಹುಡುಕಿಕೊಂಡಿದೆ. ನನಗೆ ತುಂಬಾ ಖುಷಿಯಾಯಿತು.

ನಿಮ್ಮ ಶ್ರುತಿಗೇ ಲೆಕ್ಕ ಹಾಕೋಣ. ಐದು ಅಂದರೆ ಟ್ಯೂನರ್‌ನಲ್ಲಿ ಜಿ. ನಿಮ್ಮ ಷಡ್ಜ 196 ಹರ್ಟ್ಜ್. ಅದಕ್ಕೆ ಸೇರುವ ಗಾಂಧಾರ 245. ಟ್ಯೂನರ್ ಹಸಿರು ತೋರಿಸುವ ಬಿ ಸ್ವರ ಸುಮಾರು 247. ಬರೀ ಎರಡು ಹರ್ಟ್ಜ್ ಅಲ್ವಾ ಅನ್ನಿಸಬಹುದು. ಆದರೆ ಒಂದು ನಾದದೊಳಗೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಮೇಲಿನ ನಾದಗಳೂ ಇರುತ್ತವೆ. ಷಡ್ಜದ ಐದು ಪಟ್ಟು 980. 245ರ ನಾಲ್ಕು ಪಟ್ಟೂ 980. ಎರಡೂ ಒಂದಾಗಿ ಕರಗುತ್ತವೆ. 247ರ ನಾಲ್ಕು ಪಟ್ಟು 988. ಆಗ 980ಕ್ಕೂ 988ಕ್ಕೂ ಜಗಳ. ಸೆಕೆಂಡಿಗೆ ಎಂಟು ಸಲ ನಾದ ನಡುಗುತ್ತದೆ. ಈ ನಡುಕವನ್ನೇ ನಾವು 'ಅಲೆ' ಅನ್ನುವುದು. ನಿಮ್ಮ ಮೇಷ್ಟ್ರು 'ಜಾಸ್ತಿ ಆಯ್ತು' ಅಂದಾಗ ಅವರ ಕಿವಿಗೆ ಬಿದ್ದದ್ದು ಅದೇ.

ಇದನ್ನು ನಂಬಬೇಡಿ, ಕೇಳಿ ನೋಡಿ. ಕ್ಲಾಸಿನಲ್ಲಿ ಮರದ ತಂಬೂರಿ ಇದ್ದರೆ ಮೇಷ್ಟ್ರನ್ನು ಕೇಳಿ ಹತ್ತು ನಿಮಿಷ ಅದರ ಪಕ್ಕ ಕೂತುಕೊಳ್ಳಿ. ಕುದುರೆಯ (ತಂತಿಗಳು ಒರಗುವ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ನೂಲಿನ ಎಳೆ ಇರುತ್ತದೆ, ಅದೇ ಜೀವಾಳ. ಅದು ಸರಿಯಾದ ಜಾಗಕ್ಕೆ ಬಂದಾಗ ತಂತಿ ಝೇಂಕರಿಸುತ್ತದೆ. ನಾಲ್ಕನೆಯ ತಂತಿ, ಮಂದ್ರ ಷಡ್ಜ, ಒಂದನ್ನೇ ಮೀಟಲು ಹೇಳಿ. ಕಣ್ಣು ಮುಚ್ಚಿ. ಮೊದಲು ಷಡ್ಜ ಕೇಳುತ್ತದೆ. ಆಮೇಲೆ ಅದರ ಮೇಲೆ ಪಂಚಮ ತೇಲುತ್ತದೆ. ನಾದ ಸಣ್ಣದಾಗುತ್ತಾ ಹೋದ ಹಾಗೆ, ಎಲ್ಲೋ ಮೇಲಿನಿಂದ, ತಾರ ಸ್ಥಾಯಿಯ ಗಾಂಧಾರ ಇಣುಕುತ್ತದೆ. ಯಾರೂ ಆ ತಂತಿಯನ್ನು ಗಾಂಧಾರಕ್ಕೆ ಕಟ್ಟಿಲ್ಲ. ತಾನಾಗಿ ಹುಟ್ಟಿದ್ದು. ಅದಕ್ಕೇ ಹಿಂದಿನವರು ಅದನ್ನು ಸ್ವಯಂಭೂ ಗಾಂಧಾರ ಅಂದರು. ಮೊದಲ ದಿನ ಕೇಳದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಅದು ಕೇಳಿಸಲು ಒಂದು ವಾರ ಹಿಡಿಯಿತು. ಒಮ್ಮೆ ಕೇಳಿದ ಮೇಲೆ ಕೇಳದೆ ಇರುವುದಿಲ್ಲ.

ಷಡ್ಜ, ಪಂಚಮಕ್ಕೆ ಹಸಿರು ಬರುವುದಕ್ಕೂ ಕಾರಣ ಇದೇ. ಷಡ್ಜ ನೀವೇ ಇಟ್ಟುಕೊಂಡ ಜಾಗ, ಅಲ್ಲಿ ತಕರಾರೇ ಇಲ್ಲ. ಪಂಚಮ ತಂಬೂರಿ ಪ್ರಕಾರ 702 ಸೆಂಟ್, ಟ್ಯೂನರ್ ಪ್ರಕಾರ 700. ಮೊಬೈಲ್ ಮುಳ್ಳಿಗೆ ಈ ಎರಡು ಸೆಂಟ್ ಲೆಕ್ಕಕ್ಕೇ ಇಲ್ಲ. ಶುದ್ಧ ಮಧ್ಯಮವೂ ಹಾಗೇ, 498. ಚತುಶ್ರುತಿ ರಿಷಭ 204. ಇವು ನಾಲ್ಕೂ ಟ್ಯೂನರ್ ಜೊತೆ ಹೊಂದಿಕೊಂಡು ಹೋಗುತ್ತವೆ. ಮಾಯಾಮಾಳವಗೌಳ ರಾಗದ ಸರಳೆ ವರಸೆ ಹಾಡಿ ನೋಡಿ, ಆಗ ಗೊತ್ತಾಗುತ್ತದೆ. ಅದರ ಶುದ್ಧ ರಿಷಭ 112, ಟ್ಯೂನರ್ '12 ಮೇಲೆ' ಅನ್ನುತ್ತದೆ. ಕಾಕಲಿ ನಿಷಾದ 1088, ಅದಕ್ಕೆ '12 ಕೆಳಗೆ' ಅನ್ನುತ್ತದೆ. ಮೋಹನದ ಧೈವತಕ್ಕಂತೂ, ಒಂದು ಸ್ಥಾಯಿಯಲ್ಲಿ 22 ಸೂಕ್ಷ್ಮ ಜಾಗಗಳನ್ನು ಗುರುತಿಸುವ 22 ಶ್ರುತಿಗಳ ಲೆಕ್ಕದಲ್ಲಿ 884 ಮತ್ತು 906 ಅಂತ ಎರಡು ಜಾಗಗಳಿವೆ. ಟ್ಯೂನರ್‌ಗೆ ಗೊತ್ತಿರುವುದು 900 ಮಾತ್ರ. ಈ ಅಂಕಿಗಳನ್ನು ಬಾಯಿಪಾಠ ಮಾಡಿ ಅಂತ ಹೇಳುತ್ತಿಲ್ಲ. ಮುಳ್ಳು ಆ ಕಡೆ ಈ ಕಡೆ ವಾಲಿದ ತಕ್ಷಣ ನಾನು ತಪ್ಪು ಅಂದುಕೊಳ್ಳಬೇಡಿ, ಅಷ್ಟೇ.

ಈ ಜಗಳ ಇವತ್ತಿನದಲ್ಲ. ಹಾರ್ಮೋನಿಯಂ ಬಂದಾಗಲೂ ಇದೇ ಮಾತು ಎದ್ದಿತ್ತು. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದರ ಸ್ವರಗಳು ಸಮ ಪಾಲಿನವು, ಗಮಕ (ಸ್ವರವನ್ನು ಆಡಿಸಿ ಹಾಡುವುದು) ಅದರಲ್ಲಿ ಬರುವುದಿಲ್ಲ ಅನ್ನುವುದು ದೊಡ್ಡ ಆಕ್ಷೇಪವಾಗಿತ್ತು. ಆ ತಡೆ ಸಡಿಲವಾದದ್ದು 1971ರಲ್ಲಿ. 'ಆಕಾಶವಾಣಿ' ಅನ್ನುವ ಹೆಸರು ಮೊದಲು ಕೇಳಿದ್ದು ಮಾತ್ರ ನಮ್ಮ ಮೈಸೂರಿನಲ್ಲಿ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ನಡೆಸಿದ ರೇಡಿಯೊ ಕೇಂದ್ರಕ್ಕೆ ಆ ಹೆಸರಿತ್ತು. ಹಾರ್ಮೋನಿಯಂ ಅನ್ನು ಪೂರ್ತಿ ದೂರ ಇಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರೇ ಕೂತು ಗಾಂಧಾರ ಕಲಿಯುವವರು ಅದರ ಗಾಂಧಾರಕ್ಕೆ ಒಗ್ಗಿಕೊಳ್ಳಬಾರದು.

ಇನ್ನು ಗಮಕ. ಮೋಹನದ ಗಾಂಧಾರವನ್ನು ನಿಲ್ಲಿಸಿ ಹಾಡಬಹುದು, ಆದ್ದರಿಂದ ನಿಮಗೆ 14 ಅನ್ನುವ ಅಂಕಿ ಸಿಕ್ಕಿತು. ಮುಂದೆ ನೀವು ತೋಡಿ ರಾಗಕ್ಕೆ ಬರುತ್ತೀರಿ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ. ರಿಷಭದ ಕಡೆಯಿಂದ ಎದ್ದು ಮಧ್ಯಮದ ಕಡೆಗೆ ಹೋಗಿ ಬರುತ್ತಾ ಇರುವ ಓಡಾಟವೇ ಗಾಂಧಾರ. ಟ್ಯೂನರ್ ಮುಳ್ಳು ಅಲ್ಲಿ ಹುಚ್ಚೆದ್ದು ಕುಣಿಯುತ್ತದೆ. ಒಂದು ಅಕ್ಷರ ತೋರಿಸಿ, ಮರುಕ್ಷಣ ಇನ್ನೊಂದು ತೋರಿಸುತ್ತದೆ. ಅದನ್ನು ನೋಡಿ ಗಮಕವನ್ನು ಚಿಕ್ಕದು ಮಾಡಿಕೊಂಡರೆ ರಾಗವೇ ಹೋಯಿತು. ಗಮಕ ಇರುವ ಕಡೆ ಟ್ಯೂನರ್ ಮುಚ್ಚಿಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ಟ್ಯೂನರ್ ತೆಗೆದು ಹಾಕಬೇಕಾ? ಬೇಡ. ಅದರಿಂದ ಆಗುವ ಒಳ್ಳೆಯ ಕೆಲಸಗಳಿವೆ. ಆದರೆ ಅದನ್ನು ಯಾವಾಗ ನೋಡುತ್ತೀರಿ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ನಿಮ್ಮ ಪತ್ರ ಓದಿದರೆ ನೀವು ಹಾಡುತ್ತಾ ಹಾಡುತ್ತಾ ಮುಳ್ಳು ನೋಡುತ್ತಿದ್ದೀರಿ ಅನ್ನಿಸುತ್ತದೆ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಆಗ ಏನಾಗುತ್ತದೆ? ಮುಳ್ಳು ಕೆಳಗಿದ್ದರೆ ದನಿ ಏರಿಸುತ್ತೀರಿ, ಮೇಲಿದ್ದರೆ ಇಳಿಸುತ್ತೀರಿ. ಕಣ್ಣು ಗಂಟಲನ್ನು ನಡೆಸುತ್ತಿದೆ. ನಡುವೆ ಕಿವಿಗೆ ಕೆಲಸವೇ ಇಲ್ಲ. ಅರ್ಧ ಗಂಟೆ ಹೀಗೆ ಹಾಡಿದರೆ ಹಸಿರು ಮೇಲೆ ಹಸಿರು ಬರುತ್ತದೆ, ಆದರೆ ಮೊಬೈಲ್ ಆರಿಸಿದ ಮೇಲೆ ಷಡ್ಜ ಹಿಡಿಯಲು ತಡಕಾಡುವಂತೆ ಆಗುತ್ತದೆ. ಹೀಗೆ ಅಭ್ಯಾಸ ಮಾಡಿ ಬಂದ ಹುಡುಗನೊಬ್ಬ ನನ್ನ ಮುಂದೆ ಕೂತು, ತಂಬೂರಿ ಜೋರಾಗಿ ಹಾಡುತ್ತಿದ್ದರೂ ಶ್ರುತಿಗೆ ಸೇರದೆ ಒದ್ದಾಡಿದ. ಅವನ ಗಂಟಲಲ್ಲಿ ಏನೂ ಕೊರತೆ ಇರಲಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸ ಇರಲಿಲ್ಲ.

ಆದ್ದರಿಂದ ಹೀಗೆ ಮಾಡಿ. ಮೊಬೈಲನ್ನು ಮುಂದೆ ಇಡಿ, ಕಣ್ಣು ಮುಚ್ಚಿ. ತಂಬೂರಿ ಕೇಳಿಸಿಕೊಂಡು ಅಕಾರದಲ್ಲಿ ಷಡ್ಜ ಹಿಡಿಯಿರಿ. ಎಂಟು ಹತ್ತು ಸೆಕೆಂಡ್ ಎಳೆಯಿರಿ. ಇನ್ನೂ ಹಾಡುತ್ತಿರುವಾಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿ: ಸೇರಿದೆಯಾ, ಕೆಳಗಿದೆಯಾ, ಮೇಲಿದೆಯಾ? ತೀರ್ಮಾನ ಆದ ಮೇಲೆ ಮಾತ್ರ ಕಣ್ಣು ಬಿಟ್ಟು ಮುಳ್ಳು ನೋಡಿ. ನಿಮ್ಮ ಊಹೆ ಸರಿಯಾ? ಈ ಊಹೆಯೇ ಕಿವಿಯ ಪಾಠ. ಮುಳ್ಳು ಸರಿ ಇದ್ದು ಊಹೆ ತಪ್ಪಿದ್ದರೆ ಆ ಸಲ ಏನೂ ಕಲಿತಂತಾಗಲಿಲ್ಲ. ಮುಳ್ಳು ವಾಲಿದ್ದು, 'ಕೆಳಗಿದೆ' ಅನ್ನುವ ನಿಮ್ಮ ಊಹೆ ಸರಿಯಾಗಿದ್ದರೆ ಆ ದಿನದ ಅಭ್ಯಾಸ ಸಾರ್ಥಕ. ಒಂದು ನೋಟ್‌ಪುಸ್ತಕದಲ್ಲಿ ದಿನಕ್ಕೆ ಹತ್ತು ಸಲದ ಊಹೆ ಬರೆದುಕೊಳ್ಳಿ. ಷಡ್ಜಕ್ಕೂ ಪಂಚಮಕ್ಕೂ ಮಾತ್ರ.

ಎರಡನೆಯ ಉಪಯೋಗ ನನಗೆ ಇನ್ನೂ ಇಷ್ಟ. ತಂಬೂರಿ ಹಾಕಿ ಷಡ್ಜ ಹಿಡಿಯಿರಿ. ತಂಬೂರಿ ನಿಲ್ಲಿಸಿ. ಏನೂ ಆಧಾರ ಇಲ್ಲದೆ ಎರಡು ಸರಳೆ ವರಸೆ, ಒಂದು ಜಂಟಿ ವರಸೆ ಹಾಡಿ ಮತ್ತೆ ಷಡ್ಜಕ್ಕೆ ಬಂದು ನಿಲ್ಲಿ. ಈಗ ಮುಳ್ಳು ನೋಡಿ. ಹೆಚ್ಚಿನವರ ಷಡ್ಜ ಕೆಳಗೆ ಜಾರಿರುತ್ತದೆ. 30 ಸೆಂಟ್, 40 ಸೆಂಟ್ ಕೂಡ ಜಾರಬಹುದು. ಎಲ್ಲಿ ಜಾರಿತು ಅಂತ ಹುಡುಕಿ. ಸಾಮಾನ್ಯವಾಗಿ ಅವರೋಹಣದಲ್ಲಿ ಜಾರುತ್ತದೆ. ಉಸಿರು ಮುಗಿಯುತ್ತಾ ಬಂದಾಗ ಸಾಲಿನ ಕೊನೆಯ ಸ್ವರ ಕುಸಿಯುತ್ತದೆ. ಉಸಿರನ್ನು ಒಂದು ಸ್ವರ ಮೊದಲೇ ತೆಗೆದುಕೊಂಡು ಮತ್ತೆ ಹಾಡಿ ನೋಡಿ. ಜಾರುವುದು ಅಲ್ಲೇ ಅರ್ಧ ಕಡಿಮೆಯಾಗುತ್ತದೆ. ಈ ಪರೀಕ್ಷೆ ಕಿವಿಯಿಂದ ಮಾಡುವುದು ಕಷ್ಟ, ಯಾಕೆಂದರೆ ದನಿ ಜಾರುವಾಗ ಕಿವಿಯೂ ಜೊತೆಗೇ ಜಾರಿರುತ್ತದೆ. ಇಲ್ಲಿ ಯಂತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮೂರನೆಯದು, ಸ್ವರಕ್ಕೆ ಕೆಳಗಿನಿಂದ ತೆವಳಿಕೊಂಡು ಹೋಗುವ ಅಭ್ಯಾಸ. ಮುಳ್ಳಿನ ಟ್ಯೂನರ್‌ಗಿಂತ ದನಿಯ ಗೆರೆ ಎಳೆದು ತೋರಿಸುವ ಆ್ಯಪ್‌ಗಳು ಇದಕ್ಕೆ ಒಳ್ಳೆಯವು. ಹಾಡಿದ್ದನ್ನು ರೆಕಾರ್ಡ್ ಮಾಡಿ, ಆಮೇಲೆ ಗೆರೆ ನೋಡಿ. ಗೆರೆ ಶುರುವಾದ ಕಡೆ ಸಣ್ಣ ಏಣಿ ಹಾಗೆ ಕಂಡರೆ ನೀವು ತೆವಳುತ್ತಿದ್ದೀರಿ ಅಂತ ಅರ್ಥ.

ಎಷ್ಟು ಹತ್ತಿರ ಬಂದರೆ ಸಾಕು? ಷಡ್ಜ, ಪಂಚಮದಲ್ಲಿ ಹತ್ತು ಸೆಂಟ್ ಒಳಗೆ ಇದ್ದರೆ ಈಗಿನ ಹಂತಕ್ಕೆ ನನ್ನ ಪ್ರಕಾರ ಧಾರಾಳ ಆಯಿತು. ಮನುಷ್ಯನ ದನಿ ಯಂತ್ರದ ಹಾಗೆ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಮುಳ್ಳು ಅಲ್ಲಾಡದಂತೆ ಹಿಡಿಯಬೇಕು ಅಂತ ಗಂಟಲು ಬಿಗಿದರೆ ನಾದದ ತುಂಬುತನ ಹೋಗುತ್ತದೆ.

ಸೆಟ್ಟಿಂಗ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಟ್ಯೂನರ್‌ನಲ್ಲಿ 440 ಅನ್ನುವ ಅಂಕಿ ಇರುತ್ತದೆ, ಅದು ಎ ಸ್ವರದ ಅಳತೆ. ಯಾರೋ ಕೈತಪ್ಪಿ 442 ಮಾಡಿದ್ದರೆ ಎಲ್ಲ ಸ್ವರವೂ ಎಂಟು ಸೆಂಟ್ ಕೆಳಗೆ ತೋರಿಸುತ್ತದೆ. ತಂಬೂರಿ ಆ್ಯಪ್‌ನಲ್ಲೂ ಸೂಕ್ಷ್ಮ ಶ್ರುತಿಯ ಗುಂಡಿ ಇದ್ದರೆ ಅದು ಸೊನ್ನೆಯಲ್ಲಿರಲಿ. ಜಿ ಷಡ್ಜ ಆದರೆ ಮೋಹನದ ಸ್ವರಗಳು ಟ್ಯೂನರ್‌ನಲ್ಲಿ ಜಿ, ಎ, ಬಿ, ಡಿ, ಇ ಅಂತ ಬರುತ್ತವೆ. ತಂಬೂರಿಯನ್ನು ಅದೇ ಮೊಬೈಲ್‌ನಲ್ಲಿ ಜೋರಾಗಿ ಹಾಕಬೇಡಿ. ಟ್ಯೂನರ್ ನಿಮ್ಮ ದನಿ ಬಿಟ್ಟು ತಂಬೂರಿಯನ್ನೇ ಅಳೆಯುತ್ತದೆ, ಸುಮ್ನೆ ಕೂತಿದ್ದರೂ ಹಸಿರು ಬರುತ್ತದೆ! ನಿಮ್ಮ ಷಡ್ಜ, ಪಂಚಮದ ಹಸಿರು ಹಾಗೆ ಬಂದದ್ದಲ್ಲ ತಾನೇ, ಒಮ್ಮೆ ನೋಡಿಕೊಳ್ಳಿ. ಇನ್ನೊಂದು ಮೊಬೈಲ್‌ನಲ್ಲಿ ತಂಬೂರಿ ಹಾಕಿ, ಇಯರ್‌ಫೋನ್ ಒಂದು ಕಿವಿಗೆ ಇಟ್ಟುಕೊಂಡು, ಇನ್ನೊಂದು ಕಿವಿ ನಿಮ್ಮ ದನಿಗೆ ಬಿಡಿ. ಇಯರ್‌ಫೋನ್‌ನಿಂದ ಇನ್ನೊಂದು ಲಾಭವಿದೆ. ಮೊಬೈಲ್‌ನ ಪುಟ್ಟ ಸ್ಪೀಕರ್‌ಗೆ ಮಂದ್ರ ತಂತಿಯ ಕೆಳಗಿನ ನಾದ ಹೊರಡಿಸುವ ಶಕ್ತಿ ಇಲ್ಲ, ಬರೀ ಝುಂಯ್ ಅನ್ನುವ ಮೇಲಿನ ಸದ್ದು ಬರುತ್ತದೆ. ಮಿಕ್ಸಿ, ಫ್ಯಾನ್, ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರ್, ಇವೆಲ್ಲ ಮುಳ್ಳನ್ನು ಎಳೆದುಕೊಂಡು ಹೋಗುತ್ತವೆ. ಬೆಳಿಗ್ಗೆ ಮನೆ ಏಳುವ ಮೊದಲು ಕೂತರೆ ಒಳ್ಳೆಯದು.

ನನ್ನದೊಂದು ಅನುಭವ ಹೇಳಬೇಕು. ಚಿಕ್ಕ ವಯಸ್ಸಿನಲ್ಲಿ ಒಂದು ಕಛೇರಿಗೆ ತಂಬೂರಿ ಹಾಕಲು ಕೂತಿದ್ದೆ. ಹೊಸದಾಗಿ ಕೊಂಡ ಟ್ಯೂನರ್ ಇತ್ತು. ಬಿರಡೆ ತಿರುಗಿಸಿ ತಿರುಗಿಸಿ ನಾಲ್ಕೂ ತಂತಿಗೆ ಮುಳ್ಳನ್ನು ಸರಿಯಾಗಿ ನಡುವೆ ತಂದು ನಿಲ್ಲಿಸಿದೆ. ಹಿರಿಯರೊಬ್ಬರು ಬಂದು ಕೂತರು, ನಾಲ್ಕು ಸಲ ಮೀಟಿದರು. "ಪಂಚಮ ಇನ್ನೂ ಸೇರಿಲ್ಲ ಮಗು" ಅಂದರು. ನನಗೆ ನಂಬಿಕೆ ಬರಲಿಲ್ಲ, ಮುಳ್ಳು ನಡುವೆಯೇ ಇತ್ತಲ್ಲ. ಅವರು ಪಂಚಮದ ತಂತಿಗೆ ಪೋಣಿಸಿದ ಮಣಿಯನ್ನು ಕೂದಲೆಳೆಯಷ್ಟು ಸರಿಸಿದರು. ಇಡೀ ತಂಬೂರಿ ಒಮ್ಮೆಲೇ ಬೆಳಗಿತು. ಬಹಳ ವರ್ಷಗಳ ಮೇಲೆ ಲೆಕ್ಕ ಹಾಕಿದಾಗ ಅರ್ಥವಾಯಿತು. 700ಕ್ಕೂ 702ಕ್ಕೂ ಇರುವ ಎರಡು ಸೆಂಟ್ ಇದೆಯಲ್ಲ, ಐದರ ಶ್ರುತಿಯ ತಂಬೂರಿಯಲ್ಲಿ ಅದು ಒಂದೂವರೆ ಸೆಕೆಂಡಿಗೊಂದು ನಿಧಾನವಾದ ಅಲೆ ಎಬ್ಬಿಸುತ್ತದೆ. ಮುಳ್ಳಿಗೆ ಕಾಣದ್ದು ಅವರ ಕಿವಿಗೆ ಕೇಳಿತ್ತು. ಇವತ್ತಿಗೂ ನಾನು ತಂಬೂರಿ ಷಡ್ಜವನ್ನು ಟ್ಯೂನರ್ ನೋಡಿ ಇಡುತ್ತೇನೆ, ಉಳಿದದ್ದು ಅಲೆ ನಿಲ್ಲುವವರೆಗೆ ಕೇಳಿಸಿಕೊಂಡೇ ಸೇರಿಸುತ್ತೇನೆ.

ಅಲೆ ಕೇಳುವುದು ನಿಮಗೂ ಬರುತ್ತದೆ. ತಂಬೂರಿ ಹಾಕಿ, ಬೇಕೆಂದೇ ಷಡ್ಜಕ್ಕಿಂತ ಚೂರು ಕೆಳಗೆ ಹಾಡಿ. ದನಿಯಲ್ಲಿ ಒಂದು ಕಿರಿಕಿರಿ, ಒಂದು ನಡುಕ ಗೊತ್ತಾಗುತ್ತದೆ. ಈಗ ತುಂಬಾ ನಿಧಾನವಾಗಿ ಏರಿಸಿ. ನಡುಕ ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ, ನಿಮ್ಮ ದನಿ ತಂಬೂರಿಯೊಳಗೆ ಮುಳುಗಿದ ಹಾಗೆ ಆಗುತ್ತದೆ. ಆ ಜಾಗ ದಾಟಿ ಮೇಲೆ ಹೋಗಿ, ಮತ್ತೆ ನಡುಕ. ವಾಪಸ್ ಬನ್ನಿ. ಇದೇ ಆಟವನ್ನು ಪಂಚಮಕ್ಕೆ, ಆಮೇಲೆ ಗಾಂಧಾರಕ್ಕೆ ಆಡಿ. ಗಾಂಧಾರದಲ್ಲಿ ನಡುಕ ನಿಂತ ಜಾಗದಲ್ಲಿ ಟ್ಯೂನರ್ ನೋಡಿದರೆ 14ರ ಆಸುಪಾಸು ಕೆಳಗೆ ತೋರಿಸಬೇಕು. ಆಗ ಆ 'ಕೆಳಗೆ'ಯೇ ನಿಮಗೆ ಹಸಿರು.

ಮೈಸೂರಿಗೆ ಬರುವ ಅವಕಾಶ ಇದ್ದರೆ ಇನ್ನೊಂದು ಪಾಠ ಪುಕ್ಕಟೆ ಸಿಗುತ್ತದೆ. ಬಿಡಾರಂ ಕೃಷ್ಣಪ್ಪನವರ ಪ್ರಸನ್ನ ಸೀತಾರಾಮ ಮಂದಿರವೋ, ಕುವೆಂಪುನಗರದ ವೀಣೆ ಶೇಷಣ್ಣ ಭವನವೋ, ಯಾವುದಾದರೂ ಕಛೇರಿಗೆ ಅರ್ಧ ಗಂಟೆ ಮೊದಲೇ ಬಂದು ಮುಂದೆ ಕೂತುಕೊಳ್ಳಿ. ಜನ ಮಾತಾಡುತ್ತಿರುವಾಗ ವೇದಿಕೆಯಲ್ಲಿ ತಂಬೂರಿಗೆ, ಪಿಟೀಲಿಗೆ, ಮೃದಂಗಕ್ಕೆ ಶ್ರುತಿ ಸೇರಿಸುತ್ತಿರುತ್ತಾರೆ. ಯಾವ ಗಳಿಗೆಯಲ್ಲಿ ಸೇರಿತು ಅಂತ ಅವರಿಗಿಂತ ಮೊದಲು ನೀವು ಹೇಳಬಲ್ಲಿರಾ, ನೋಡಿ. ಅವರ ಕೈ ನಿಂತಾಗ ಉತ್ತರ ಸಿಗುತ್ತದೆ.

ಕೊನೆಗೆ ವಯಸ್ಸಿನ ಮಾತು. ಯಾವ ಆಧಾರವೂ ಇಲ್ಲದೆ ಒಂದು ಸದ್ದು ಕೇಳಿ 'ಇದು ಜಿ, ಇದು ಬಿ' ಅಂತ ಹೇಳುವ ಶಕ್ತಿ ಕೆಲವರಿಗಿರುತ್ತದೆ. ಅದು ಬಹುತೇಕ ಎಳೆ ವಯಸ್ಸಿನಲ್ಲೇ ಸಂಗೀತ ಶುರು ಮಾಡಿದವರಲ್ಲಿ ಕಾಣುವಂಥದ್ದು, 38ಕ್ಕೆ ಅದರ ಆಸೆ ಬೇಡ. ನಮ್ಮ ಸಂಗೀತಕ್ಕೆ ಅದು ಬೇಕಾಗಿಯೂ ಇಲ್ಲ. ನಮಗೆ ಬೇಕಾದದ್ದು ಷಡ್ಜ ಕೊಟ್ಟ ಮೇಲೆ ಉಳಿದ ಸ್ವರ ಎಷ್ಟು ದೂರದಲ್ಲಿದೆ ಅನ್ನುವ ಅರಿವು. ಅದು ಯಾವ ವಯಸ್ಸಿನಲ್ಲೂ ಅಭ್ಯಾಸದಿಂದ ಬೆಳೆಯುತ್ತದೆ. ಯಂತ್ರ ಒಂದು ಕಡೆ ಎಳೆಯುತ್ತಿದ್ದರೂ ನಿಮ್ಮ ದನಿ 14 ಸೆಂಟ್ ಕೆಳಗೆ, ತಂಬೂರಿ ಹೇಳಿದ ಕಡೆಗೇ ಹೋಗಿ ನಿಲ್ಲುತ್ತಿತ್ತು. ಎರಡು ವರ್ಷದಲ್ಲಿ, ಭಾನುವಾರದ ಪಾಠದಲ್ಲಿ, ನಿಮ್ಮ ಕಿವಿ ಅಷ್ಟು ಕೆಲಸ ಆಗಲೇ ಮಾಡಿದೆ.